ಮದುವೆಯ ಲೆಕ್ಕದಲ್ಲಿ ಕಳೆದುಹೋದ ಕೂಲಿ

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2026ರ ಜುಲೈನಿಂದ ಒಂದು ವರ್ಷ ದೇಶದಾದ್ಯಂತ ವಲಸೆ ಸಮೀಕ್ಷೆ ನಡೆಸಲು ಹೊರಟಿದೆ. ವಲಸೆಗೆಂದೇ ಮೀಸಲಾದ ಸಮೀಕ್ಷೆ 2007–08ರ ನಂತರ ನಡೆದಿರಲಿಲ್ಲ; ಬಂದದ್ದು ಒಳ್ಳೆಯದೇ. ಆದರೆ ‘ಊರು ಬಿಡಲು ಮುಖ್ಯ ಕಾರಣವೇನು’ ಎಂದು ಕೇಳಿ ಒಂದೇ ಉತ್ತರ ಬರೆದುಕೊಳ್ಳುವ ಹಳೆಯ ಪದ್ಧತಿ ಮುಂದುವರಿದರೆ, ಈ ಸಲವೂ ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಸಿಗದು.

2020–21ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವಲಸಿಗ ಮಹಿಳೆಯರ ಪೈಕಿ ಶೇ 86.8ರಷ್ಟು ಮಂದಿ ಕೊಟ್ಟ ಕಾರಣ ಮದುವೆ. ಈ ಅಂಕಿಯೊಂದನ್ನೇ ಹಿಡಿದು, ನಮ್ಮ ಹೆಣ್ಣುಮಕ್ಕಳು ಕೆಲಸಕ್ಕಾಗಿ ಊರು ಬಿಡುವುದಿಲ್ಲ ಎಂದು ಅಂಕಣಕಾರರು ಷರಾ ಬರೆಯುತ್ತಲೇ ಇದ್ದಾರೆ. ಅಂಕಿ ಸುಳ್ಳಲ್ಲ. ಅದರಿಂದ ಎಳೆಯುವ ತೀರ್ಮಾನ ತಪ್ಪು.

ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿ ಸೀಮೆಗೆ ಬರುವ ಕಬ್ಬು ಕಡಿಯುವ ಗ್ಯಾಂಗ್‌ಗಳನ್ನು ನೋಡಿ. ಆಳುಗಳ ಲೆಕ್ಕದಲ್ಲಿ ಗಂಡ–ಹೆಂಡತಿ ಸೇರಿದರೆ ಒಂದು ಕೋಯ್ತಾ (ಕುಡುಗೋಲು); ಒಂಟಿಯಾಗಿ ಬಂದವನು ಅರ್ಧ ಕೋಯ್ತಾ. ಮುಂಗಡ ಜೋಡಿಯ ಲೆಕ್ಕದಲ್ಲಿ ನಿಗದಿಯಾಗುತ್ತದೆ, ಹಣ ಮಾತ್ರ ಗಂಡನ ಕೈ ಸೇರುತ್ತದೆ. ಅವನು ಕಡಿಯುತ್ತ ಮುಂದೆ ಹೋದಂತೆ ಅವಳು ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಸಾಗಿಸುತ್ತಾಳೆ. ಕೂಲಿ ಟನ್ನಿಗಿಷ್ಟು, ಅದರಲ್ಲಿ ಅವಳ ಪಾಲೆಷ್ಟು ಎಂದು ಆಳುಗಳನ್ನು ಕರೆತರುವ ಯಾವ ಮುಕಾದಮನೂ ಬರೆದಿಡುವುದಿಲ್ಲ. ಜೋಡಿಯಾದರೆ ಮುಂಗಡ ಹೆಚ್ಚು ಎಂಬ ಕಾರಣಕ್ಕೇ ಅಲ್ಲಿ ಎಳೆಯ ಹುಡುಗಿಯರ ಮದುವೆಯನ್ನು ಹಂಗಾಮಿಗೆ ಮುಂಚೆ ಮುಗಿಸಿಬಿಡುತ್ತಾರೆ. ಅಂದರೆ ಅವಳಿಗೆ ಮದುವೆಯೇ ಕೆಲಸಕ್ಕೆ ಸೇರ್ಪಡೆ. ಸಮೀಕ್ಷೆಯ ನಮೂನೆ ಇವೆರಡನ್ನೂ ಬೇರೆ ಬೇರೆ ಕಾರಣಗಳೆಂದು ಪಟ್ಟಿ ಮಾಡಿ, ಒಂದನ್ನು ಆರಿಸಿಕೋ ಎನ್ನುತ್ತದೆ. ಸಾವಿರ ಇಟ್ಟಿಗೆಗೆ ಇಂತಿಷ್ಟು ಎಂದು ಮನೆಮಂದಿಯೆಲ್ಲ ದುಡಿಯುವ ಭಟ್ಟಿಗಳದ್ದೂ ಇದೇ ಕಥೆ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬಂದು ಜಲ್ಲಿ ಹೊರುವಾಕೆಯೂ ಕೇಳಿದರೆ ‘ಮನಿಯವ್ರ ಜೋಡಿ ಬಂದೀನ್ರಿ’ ಎಂದೇ ಹೇಳುತ್ತಾಳೆ.

ಇದನ್ನು ಯಾರೂ ಎತ್ತಿ ತೋರಿಸಿಲ್ಲ ಎಂದಲ್ಲ. ಸಮಾಜವಿಜ್ಞಾನಿ ಎನ್. ನೀತಾ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇದಕ್ಕೇ ಮುಡಿಪಾಗಿಟ್ಟವರು. ಮೊದಲು ತಿರುಪ್ಪೂರಿನ ಹೆಣೆದ ಉಡುಪಿನ ಕಾರ್ಖಾನೆಗಳ ಹೆಣ್ಣಾಳುಗಳು. 2004ರಲ್ಲಿ ದೆಹಲಿಯ ಮನೆಗೆಲಸದವರು, ಬಂಧುಬಳಗದ ನಂಟು ಹಿಡಿದು ನಗರಕ್ಕೆ ಬಂದು ಸಂಸಾರಕ್ಕೆ ಅನ್ನ ಹಾಕುತ್ತಿದ್ದ ಹೆಂಗಸರು. ಆಮೇಲೆ ದೆಹಲಿಯ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಇಂದ್ರಾಣಿ ಮಜುಂದಾರ್, ಇಂದು ಅಗ್ನಿಹೋತ್ರಿ ಜೊತೆ ಸೇರಿ 20 ರಾಜ್ಯಗಳಲ್ಲಿ ನಡೆಸಿದ ಅಧ್ಯಯನ. 2013ರಲ್ಲಿ ಪ್ರಕಟವಾದ ಅವರ ಪ್ರಬಂಧ, ಒಂದೇ ಕಾರಣ ಕೇಳುವ ಸರ್ಕಾರಿ ವಿಧಾನ ಮಹಿಳೆಯರ ದುಡಿಮೆಯ ವಲಸೆಯನ್ನು ಹೇಗೆ ಮರೆಮಾಚುತ್ತದೆ ಎಂಬುದನ್ನು ಬಿಡಿಸಿ ಹೇಳಿತ್ತು. ಏಳೆಂಟು ವರ್ಷಗಳ ನಂತರವೂ ಸರ್ಕಾರ ಅದೇ ಪ್ರಶ್ನೆ ಕೇಳಿ ಅದೇ ಬಗೆಯ ಉತ್ತರ ಪಡೆಯಿತು. ಇದು ನನಗೆ ಸಿಟ್ಟು ತರಿಸುತ್ತದೆ.

ಕಾರ್ಮಿಕ ಬಲ ಸಮೀಕ್ಷೆಯಲ್ಲೇ ಈಗಿನ ಉದ್ಯೋಗದ ಮಾಹಿತಿ ಇದೆಯಲ್ಲ ಎಂಬ ವಾದ ಬರಬಹುದು. ಇದೆ, ನಿಜ. ಹಾಗಿದ್ದೂ ವಲಸೆ ಎಂದೊಡನೆ ಸುದ್ದಿಯಾಗುವುದು, ನೀತಿ ರೂಪಿಸುವವರ ಮೇಜು ಸೇರುವುದು ಕಾರಣದ ಕೋಷ್ಟಕ ಮಾತ್ರ. ಆ ಕೋಷ್ಟಕದಲ್ಲಿ ಗಂಡ ಉದ್ಯೋಗಕ್ಕೆ ಬಂದವನು, ಹೆಂಡತಿ ಮದುವೆಯಾಗಿ ಬಂದವಳು. ಇಬ್ಬರೂ ಬೆಳಗ್ಗೆ ಹೋಗುವುದು ಒಂದೇ ಕಟ್ಟಡದ ಕೆಲಸಕ್ಕೆ.

ಸಾಂಖ್ಯಿಕ ಸಚಿವಾಲಯ ಮಾಡಬೇಕಾದದ್ದು ಇಷ್ಟೆ: ಎರಡನೇ ಕಾರಣಕ್ಕೂ ಜಾಗ ಕೊಡಲಿ. ಬಂದ ಒಂದು ವರ್ಷದೊಳಗೆ ಕೂಲಿಗೆ ಹೋದಿರಾ, ಮುಂಗಡ ಯಾರ ಕೈಗೆ ಕೊಟ್ಟರು ಎಂದು ಕೇಳಲಿ. ಆ ಉತ್ತರವನ್ನು ಗಂಡನಿಂದಲ್ಲ, ಅವಳಿಂದಲೇ ಪಡೆಯಲಿ.