ಇಂಗ್ಲಿಷಿನಲ್ಲಿ ಎಂಥ ಒಪ್ಪಿಗೆ?
ಜಗಳವಿಲ್ಲದೆ ಬೇರೆಯಾಗಲೂ ಕಾನೂನಿದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ. ವರ್ಷ ಬೇರೆ ಬಾಳಿದ ಗಂಡಹೆಂಡಿರು ಒಟ್ಟಾಗಿ ಅರ್ಜಿ ಹಾಕಬೇಕು, ಆರು ತಿಂಗಳ ಮೇಲೆ ಮತ್ತೆ ಕೇಳಬೇಕು. ತಕ್ಕ ಕಾರಣವಿದ್ದರೆ ಕಾಯಬೇಕಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪಿನ ತನಕ ಒಪ್ಪಿಗೆ ಹಿಂಪಡೆಯಬಹುದೆಂದು 1991ರಲ್ಲೇ ಹೇಳಿತ್ತು. ಅಂದರೆ ಎಲ್ಲಾ ನಿಂತಿರುವುದು ಒಪ್ಪಿಗೆಯ ಮೇಲೆ!

ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಹೆಣ್ಣುಮಗಳಿಗೆ ಇಂಗ್ಲಿಷ್ ಅರ್ಜಿ ಹಿಡಿದು ‘ಇಲ್ಲಿ ಸೈನ್ ಹಾಕಮ್ಮ’ ಎಂದರೆ ಅದು ಯಾವ ಸೀಮೆ ಒಪ್ಪಿಗೆ? ಜೀವನಾಂಶ ಬಿಟ್ಟುಕೊಟ್ಟಳೋ, ಮಗು ಯಾರ ಪಾಲಾಯಿತೋ, ಅವಳಿಗೆ ಗೊತ್ತೇ?

ಕೆಳ ನ್ಯಾಯಾಲಯಗಳ ಭಾಷೆ ಗೊತ್ತುಮಾಡುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಂ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ವಕೀಲ ಮಿತ್ರರೇ, ಅರ್ಜಿ ಕನ್ನಡದಲ್ಲೇ ಬರೆಯಿರಿ. ಮನೆಮಾತು ತೆಲುಗಾದವರಿಗೆ ತೆಲುಗಿನಲ್ಲೇ ಬಿಡಿಸಿ ಹೇಳಿ. ಸಹಿ ಆಮೇಲೆ.