ಒಂದೇ ಬಿಲ್ಲು, ಒಂದೇ ಲಾಗಿನ್ನು... ಆಮೇಲೆ?

ದೀಪಾವಳಿಗೆ ಬಿಕ್ಕೋಡಿಗೆ ಹೋಗಿದ್ದಾಗ ಭಾವನ ಜೊತೆ ಜಗಳ ಆಯ್ತು. ಆಸ್ತಿ ಜಗಳ ಅಲ್ಲ, ಫೋನಿನ ಜಗಳ :-) ಹಬ್ಬದ ದಿನ ಅಕ್ಕನ ಮುಂದೆ ಪೂರ್ತಿ ಹೇಳಕ್ಕಾಗದೆ ಉಳಿದಿದ್ದನ್ನ ಇಲ್ಲಿ ಬರೀತಿದೀನಿ, ಸ್ವಲ್ಪ ಸಹಿಸಿಕೊಳ್ಳಿ.

ಭಾವನಿಗೆ ಕಾಫಿ ತೋಟ, ಮೆಣಸಿನ ವ್ಯಾಪಾರ, ಜೊತೆಗೆ ಈಗ ಒಂದು ಹೋಂಸ್ಟೇ. ಬೆಂಗಳೂರಿನಿಂದ ಸೇಲ್ಸಿನ ಹುಡುಗನೊಬ್ಬ ಬಂದು ಹೋಗಿದ್ದನಂತೆ. 080 ನಂಬರು, 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಅನ್ನೋ ಹೆಂಗಸಿನ ದನಿ, ಕೆಲಸದವರ ಸಿಮ್ಮು, ಎಸ್ಸೆಮ್ಮೆಸ್ಸು, ಆಫೀಸಿನ ಇಂಟರ್ನೆಟ್ಟು, ಎಲ್ಲಾ ಅವರದ್ದೇ ಕ್ಲೌಡಿನಲ್ಲಿ. ಒಂದೇ ಬಿಲ್ಲು, ಒಂದೇ ಲಾಗಿನ್ನು, ತೊಂದರೆ ಆದ್ರೆ ಒಂದೇ ಕಡೆ ಫೋನು ಮಾಡಿದ್ರೆ ಸಾಕು. ಭಾವ ಮುಕ್ಕಾಲು ಒಪ್ಪಿಬಿಟ್ಟಿದ್ರು.

'ಅಲ್ಲ ಭಾವ, ಎಲ್ಲಾ ಅವರದ್ದೇ ಆದ್ಮೇಲೆ, ತೊಂದರೆ ಆದಾಗ ಆ ಒಂದೇ ಕಡೆಗೆ ಫೋನು ಮಾಡೋದು ಯಾವ ಫೋನಿಂದ?' ಅಂದೆ.

'ನೀವು ಇಂಜಿನಿಯರುಗಳು ಎಲ್ಲಾನೂ ಕಷ್ಟ ಮಾಡ್ತೀರ ಮಾರಾಯ. ದೊಡ್ಡ ಕಂಪನಿ ಕಣೋ ಅದು' ಅಂದ್ರು.

ಈ 'ದೊಡ್ಡ ಕಂಪನಿ' ಅನ್ನೋ ಮಾತು ಕೇಳಿದ್ರೇ ನಂಗೆ ಮೈ ಉರಿಯತ್ತೆ. ಕೆನಡಾದ ರೋಜರ್ಸ್ ಚಿಕ್ಕ ಕಂಪನಿಯಾ? 2022ರ ಜುಲೈ 8ರಂದು ಒಂದು ಅಪ್‌ಡೇಟು ಎಡವಟ್ಟಾಗಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರ ಸಂಪರ್ಕ ಹೋಯ್ತು. ಮೊಬೈಲೂ ಹೋಯ್ತು, ಮನೆಯ ಇಂಟರ್ನೆಟ್ಟೂ ಹೋಯ್ತು, ಯಾಕಂದ್ರೆ ಎರಡಕ್ಕೂ ಒಳಗಿನ ಮೂಲ ನೆಟ್‌ವರ್ಕ್ ಒಂದೇ. ಇಂಟರಾಕ್ ಅಂತ ಅಲ್ಲಿನ ಡೆಬಿಟ್ ಕಾರ್ಡ್ ವ್ಯವಸ್ಥೆ ರೋಜರ್ಸನ್ನೇ ನಂಬಿತ್ತು, ಅಂಗಡಿಗಳಲ್ಲಿ ಕಾರ್ಡು ಉಜ್ಜಿದ್ರೆ ಕೆಲಸ ಮಾಡಲಿಲ್ಲ. ತಮಾಷೆ ಅಂದ್ರೆ ರಿಪೇರಿ ಮಾಡಬೇಕಾದ ರೋಜರ್ಸ್ ಇಂಜಿನಿಯರುಗಳ ಕೈಲಿದ್ದಿದ್ದೂ ರೋಜರ್ಸ್ ಫೋನೇ!

ಅಷ್ಟು ದೂರ ಯಾಕೆ, ನಮ್ಮ ತೋಟಕ್ಕೇ ಬರೋಣ. ಬಿಕ್ಕೋಡು ಕಡೆ ಆನೆ ಕಾಟ ಎಷ್ಟು ಅಂತ ಪೇಪರ್ ಓದೋರಿಗೆ ಗೊತ್ತು. ಆನೆ ಎಲ್ಲಿದೆ ಅನ್ನೋ ಸುದ್ದಿ ಭಾವನಿಗೆ ಬರತ್ತೆ, ಅವರು ಅದನ್ನ ರೈಟರಿಗೆ, ಮೇಸ್ತ್ರಿಗೆ, ಲೈನ್ ಮನೆಯವರಿಗೆಲ್ಲ ದಾಟಿಸಬೇಕು. ಅದಕ್ಕೊಂದು ವಾಟ್ಸಾಪ್ ಗುಂಪು. 2021ರ ಅಕ್ಟೋಬರ್ 4, ರಾತ್ರಿ ಒಂಬತ್ತೂವರೆ. ಆನೆ ಗದ್ದೆ ಬಯಲಿಗೆ ಇಳಿದಿದೆ ಅಂತ ಭಾವ ಗುಂಪಿಗೆ ಹಾಕಿದ್ರು. ಮೆಸೇಜಿನ ಪಕ್ಕ ಆ ಪುಟ್ಟ ಗಡಿಯಾರದ ಗುರುತು ಹಾಗೇ ಕೂತಿತ್ತು. ಸಿಗ್ನಲ್ ಇಲ್ಲ ಅಂದುಕೊಂಡು ಭಾವ ಫೋನ್ ಹಿಡ್ಕೊಂಡು ಅಂಗಳದಲ್ಲೆಲ್ಲ ಓಡಾಡಿದ್ರು. ಸಿಗ್ನಲ್ ಇತ್ತು, ಇಡೀ ಭೂಮಿ ಮೇಲೆ ವಾಟ್ಸಾಪೇ ಇರಲಿಲ್ಲ. ಮೇಂಟೆನೆನ್ಸ್ ಹೊತ್ತಲ್ಲಿ ಕೊಟ್ಟ ಒಂದು ಕಮಾಂಡಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ತಾಸು ಮಲಗಿದ್ವು, ಅವರ ಒಳಗಿನ ರಿಪೇರಿ ಸಾಮಾನುಗಳೂ ಜೊತೆಗೇ ಮಲಗಿದ್ವು. ಗದ್ದೆ ಕಾವಲಿಗೆ ಹೋಗಿದ್ದ ಇಬ್ಬರ ಹತ್ರ ಒಂದು ಕೀಪ್ಯಾಡ್ ಫೋನಿತ್ತು. ರೈಟರ್ ಅದಕ್ಕೆ ನೇರ ಕಾಲ್ ಮಾಡಿದ್ರಿಂದ ಅವರು ಅಟ್ಟಣೆ ಬಿಟ್ಟು ಇಳೀಲಿಲ್ಲ.

ಭಾವ ಇದನ್ನ ಮರೆತಿದ್ರು. ನಾನು ನೆನಪಿಸಿದಾಗ ಸ್ವಲ್ಪ ಹೊತ್ತು ಸುಮ್ಮನಾದ್ರು.

ನ್ಯಾಯವಾಗಿ ಹೇಳ್ಬೇಕು ಅಂದ್ರೆ ಆ ಸೇಲ್ಸ್ ಹುಡುಗನ ಮಾತಲ್ಲೂ ಸತ್ಯ ಇದೆ. ನಾನಿದ್ದ ಹಳೇ ಆಫೀಸಿನಲ್ಲಿ ಫೋನ್ ಒಬ್ಬರದ್ದು, ಇಂಟರ್ನೆಟ್ ಇನ್ನೊಬ್ಬರದ್ದು. ಒಂದಿನ ಇದ್ದಕ್ಕಿದ್ದ ಹಾಗೆ ನಮ್ಮ ಮಾತು ಆ ಕಡೆ ಕೇಳತ್ತೆ, ಅವರದ್ದು ಈ ಕಡೆ ಕೇಳಲ್ಲ. ಫೋನಿನವರು 'ಇಂಟರ್ನೆಟ್‌ನವರನ್ನ ಕೇಳಿ' ಅಂದ್ರು, ಇಂಟರ್ನೆಟ್‌ನವರು 'ಸ್ಪೀಡ್ ಬರ್ತಿದೆಯಲ್ಲ' ಅಂದ್ರು. ಮೂರು ದಿನ! ಕೊನೆಗೆ ನೋಡಿದ್ರೆ ರೌಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಅನ್ನೋ ಒಂದು ಸೆಟ್ಟಿಂಗು. ಆಫ್ ಮಾಡಿದೆ, ಸರಿ ಹೋಯ್ತು. ಅದಕ್ಕೆ ಮೀಟಿಂಗು, ವೀಡಿಯೋ, ಚಾಟು ಇವೆಲ್ಲ ಒಬ್ಬರ ಹತ್ರಾನೇ ತಗೊಳ್ಳಿ, ನಂಗೇನೂ ತಕರಾರಿಲ್ಲ. ಅವು ಅರ್ಧ ದಿನ ಇಲ್ಲದಿದ್ರೆ ಯಾರೂ ಸಾಯಲ್ಲ, ಕೆಲಸ ಜಾಸ್ತಿ ಆಗತ್ತೆ ಅಷ್ಟೆ :)

ಆದ್ರೆ ನಂಬರು? ಮೊಬೈಲ್ ನಂಬರು ಇಟ್ಟುಕೊಂಡೇ ಕಂಪನಿ ಬದಲಾಯಿಸೋ ಹಕ್ಕು 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಲ್ಯಾಂಡ್‌ಲೈನ್ ನಂಬರಿಗೆ ಆ ಹಕ್ಕಿಲ್ಲ. ಅಂದ್ರೆ ಆ 080 ನಂಬರನ್ನ ಹೋಂಸ್ಟೇ ಬೋರ್ಡಿಗೆ, ಮೆಣಸಿನ ಚೀಲಕ್ಕೆ, ಗೂಗಲ್ ಮ್ಯಾಪಿಗೆ ಹಾಕಿಸಿ ಐದು ವರ್ಷ ಆದ್ಮೇಲೆ ರೇಟು ಏರಿಸಿದ್ರೆ ಎಲ್ಲಿಗೆ ಹೋಗ್ತೀರಿ? ಬಾಗಿಲಿಗೆ ಬೀಗ ಅವರದ್ದು, ಕೀಲಿನೂ ಅವರದ್ದು. ಭಾವನ ಹಳೇ ಮೊಬೈಲ್ ನಂಬರೇ ಬೋರ್ಡಿನ ಮೇಲಿರಲಿ, ಬೇಕಾದ್ರೆ ಅದರಿಂದ ಅವರ ಕ್ಲೌಡಿಗೆ ಫಾರ್ವರ್ಡ್ ಮಾಡಲಿ. ಬೇಡ ಅನ್ನಿಸಿದ ದಿನ ಫಾರ್ವರ್ಡ್ ತೆಗೆದ್ರಾಯ್ತು.

ಹಾಗಂತ ಎರಡು ಕಂಪನಿ ಇಟ್ಕೊಂಡ್ರೆ ಗೆದ್ದೆ ಅಂತ ಬೀಗೋರಿಗೂ ಒಂದು ಮಾತು. ನಂದೂ ಎರಡು ಸಿಮ್ಮಿನ ಫೋನೇ. ಒಂದು ಮಳೆಗಾಲ ಊರಿಂದಲೇ ಕೆಲಸ ಮಾಡ್ತಿದ್ದೆ, ಗಾಳಿಗೆ ಮರ ಬಿದ್ದು ಕರೆಂಟ್ ಹೋಯ್ತು, ಮಾರನೇ ದಿನ ಎರಡೂ ಸಿಮ್ಮು ಒಟ್ಟಿಗೇ ಸತ್ವು. ಆಮೇಲೆ ಗೊತ್ತಾಯ್ತು, ಎರಡು ಕಂಪನಿಯ ಆಂಟೆನಾನೂ ಒಂದೇ ಟವರಿನ ಮೇಲೆ, ಎರಡಕ್ಕೂ ಒಂದೇ ಜನರೇಟರು, ಡೀಸೆಲ್ ಖಾಲಿ! ಬಿಲ್ಲು ಎರಡು, ಕಂಬ ಒಂದು. ಅದಕ್ಕೆ ಭಾವನಿಗೆ ಹೇಳಿದೆ, ಎರಡನೇ ಸಿಮ್ಮು ಬೇರೆ ಗುಡ್ಡದ ಟವರಿಂದ ಸಿಗ್ನಲ್ ಬರೋದೇ ಆಗಬೇಕು, ಲೈನ್ ಮನೆ ಹತ್ರ ಅವರ ತಾತ ನೇತುಹಾಕಿದ ರೈಲು ಕಂಬಿಯ ತುಂಡನ್ನ ಯಾವ ಕಾರಣಕ್ಕೂ ಗುಜರಿಗೆ ಹಾಕಬಾರದು ಅಂತ. ಅದಕ್ಕೆ ಲಾಗಿನ್ನೇ ಬೇಡ.

ಭಾವ ಇನ್ನೂ ಸಹಿ ಹಾಕಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ರು: 'ಆ 080 ನಂಬರು ಯಾರ ಹೆಸರಲ್ಲಿರತ್ತೆ ಅಂತ ಕೇಳಿದೆ ಕಣೋ. ಮೇಲಿನವರನ್ನ ಕೇಳಿ ಹೇಳ್ತೀನಿ ಅಂದ. ಒಂದು ವಾರ ಆಯ್ತು.'