ಮಾಸಿದ ಟೋಪಿಯ ಮಮತೆ

ಕೃಷ್ಣರಾಜಪೇಟೆಯಲ್ಲಿ ಹೊಸ ಕ್ಯಾಪ್ ಕೊಳ್ಳುವುದು ಕಷ್ಟದ ಮಾತಲ್ಲ. ಆದರೂ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೊರಟವನು ಗೂಟದಲ್ಲಿ ತೂಗುವ ಹಳೆಯದಕ್ಕೇ ಕೈ ಹಾಕುತ್ತಾನೆ. ಬಣ್ಣ ಹೋಗಿದೆ, ಅಂಚು ಹರಿದಿದೆ, ಹಣೆಪಟ್ಟಿಯ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಗೆರೆ ಕಟ್ಟಿದೆ. ಬಿಸಾಕು ಎಂದರೆ ಕೇಳುವುದಿಲ್ಲ. ಇದು ಬಿಡಬೇಕಾದ ಮೋಹವೋ, ಉಳಿಸಿಕೊಳ್ಳಬೇಕಾದ ಗುಣವೋ? ಗುಣವೆಂದೇ ನನ್ನ ನಂಬಿಕೆ.

ವಸ್ತುವಿಗೆ ಬೆಲೆ ಬರುವ ದಾರಿ ಹಲವು. ಮೇಲುಕೋಟೆಯ ವೈರಮುಡಿ ಕಿರೀಟ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ವರ್ಷಕ್ಕೊಮ್ಮೆ ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಬೆಟ್ಟಕ್ಕೆ ಬಂದು, ಚೆಲುವನಾರಾಯಣಸ್ವಾಮಿಯ ಮುಡಿಗೇರಿ, ಮತ್ತೆ ಖಜಾನೆ ಸೇರುತ್ತದೆ. ವರ್ಷವಿಡೀ ಕಾದ ಕಣ್ಣಿಗೆ ಅದು ದೊಡ್ಡದು. ಟೋಪಿಗೆ ಬೆಲೆ ಬರುವುದು ದಿನವೂ ತಲೆಗೇರಿ ದುಡಿಯುವುದರಿಂದ. ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನು ಒಡೆಯುತ್ತದೆ, ಒಗೆತದಿಂದ ಹತ್ತಿಬಟ್ಟೆ ಮೆತ್ತಗಾಗುತ್ತದೆ, ಮುಂದಿನ ಅಂಚು ಹಿಡಿದ ಕೈಗೆ ತಕ್ಕಂತೆ ಬಾಗುತ್ತದೆ. ಹೊಸ ಟೋಪಿ ಯಾರ ತಲೆಗಾದರೂ ಆದೀತು. ಪಳಗಿದ ಟೋಪಿ ಒಬ್ಬನದೇ. ಆದ್ದರಿಂದ ಈ ಮಮತೆ ಬರೀ ಭಾವುಕತೆಯಲ್ಲ, ಅದಕ್ಕೆ ಕಣ್ಣಿಗೆ ಕಾಣುವ ಕಾರಣವಿದೆ.

ಕಸುಬು, ನಂಬಿಕೆಗಳೂ ಹೀಗೆಯೇ ಬಟ್ಟೆಗೆ ಇಳಿಯುತ್ತವೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು 2018ರಲ್ಲಿ ತೀರಿಕೊಂಡರು. ಹೆಗಲ ಮೇಲೆ ಹಸಿರು ಶಾಲಿಲ್ಲದ ಪುಟ್ಟಣ್ಣಯ್ಯನವರನ್ನು ಈ ಸೀಮೆಯ ರೈತರು ಇಂದಿಗೂ ನೆನೆಯಲಾರರು. ಅಂಗಡಿಯಲ್ಲಿ ಅಂಥ ಶಾಲು ಸಿಗುತ್ತದೆ; ಆದರೆ ಅವರ ಶಾಲಿಗೆ ತೂಕ ಬಂದದ್ದು ಹೋರಾಟದಿಂದ.

ಮಮತೆ ಮನುಷ್ಯನನ್ನು ಕಟ್ಟಿಹಾಕುತ್ತದೆ, ವೈರಾಗ್ಯವೇ ಮೇಲು ಎನ್ನುವವರಿದ್ದಾರೆ. ತೂಕದ ಮಾತೇ. ಆದರೆ ಆಸ್ಟ್ರೇಲಿಯಾದ ಶೇನ್ ವಾರ್ನ್ ಮಾಡಿದ್ದನ್ನು ನೋಡಿ. ಅಲ್ಲಿನ ಕ್ರಿಕೆಟಿಗರಿಗೆ ಟೆಸ್ಟ್ ತಂಡದ ಹಸಿರು ಟೋಪಿ ಪ್ರಾಣಕ್ಕೆ ಸಮ. ಎಷ್ಟು ಸವೆದರೂ ಹಲವರು ಬದಲಿಸಲು ಒಪ್ಪುವುದಿಲ್ಲ. 2020ರ ಜನವರಿಯಲ್ಲಿ ಕಾಡ್ಗಿಚ್ಚಿನಿಂದ ನೊಂದವರಿಗಾಗಿ ವಾರ್ನ್ ತಮ್ಮ ಟೋಪಿಯನ್ನೇ ಹರಾಜಿಗಿಟ್ಟರು. ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಬಂತು. ಮಮತೆ ಅವರ ಕೈ ಹಿಡಿದು ನಿಲ್ಲಿಸಲಿಲ್ಲ. ಪ್ರಿಯವಾದದ್ದನ್ನೇ ಕೊಟ್ಟದ್ದರಿಂದ ಆ ದಾನ ದೊಡ್ಡದಾಯಿತು. ಯಾವುದನ್ನೂ ಹಚ್ಚಿಕೊಳ್ಳದವನಿಗೆ ಅಂಥ ತ್ಯಾಗ ಸಾಧ್ಯವೇ ಇಲ್ಲ.

ನಿಜವಾಗಿ ನಮ್ಮನ್ನು ಕಟ್ಟಿಹಾಕಿರುವುದು ಹೊಸದರ ಆಸೆ. ಅದಕ್ಕೆ ಕೊನೆಯಿಲ್ಲ, ಹೊಲಗಳ ನೀರನ್ನೂ ಮನೆಯ ದುಡ್ಡನ್ನೂ ಅದು ನುಂಗುತ್ತದೆ. ಹತ್ತಿ ಬೆಳೆದವರ, ನೂತವರ, ಹೊಲಿದವರ ದುಡಿಮೆಯನ್ನು ನಾಲ್ಕು ದಿನಕ್ಕೆ ತಿಪ್ಪೆಗೆಸೆಯುವುದು ವೈರಾಗ್ಯವಲ್ಲ, ಅನಾದರ. ಹರಿದಲ್ಲಿ ಹೊಲಿಗೆ ಹಾಕಿ, ನೆರಳಲ್ಲಿ ಒಣಗಿಸಿ, ಸವೆಯುವವರೆಗೂ ತೊಡುವವನು ಆ ಕೈಗಳಿಗೆ ಗೌರವ ಸಲ್ಲಿಸುತ್ತಾನೆ. ಸಾಕು ಎನ್ನುವ ಮಾತನ್ನು ಅವನಿಗೆ ಯಾರೂ ಉಪದೇಶಿಸಬೇಕಿಲ್ಲ. ಮೋಹ ಬಿಡಿಸಲೇಬೇಕೆಂದಿದ್ದರೆ ಹಳೆಯ ಟೋಪಿಯನ್ನು ಅದರ ಪಾಡಿಗೆ ಬಿಟ್ಟು, ಹೊಸದರ ಹುಚ್ಚಿನಿಂದ ಶುರುಮಾಡೋಣ.